ಬೇಲಿಯ ಕಹಿ, ಭರಣಿಯ ಬಾಳಕ: ಸುಂಡೆಕಾಯಿಯ ಅಡುಗೆ ಮತ್ತು ಪೋಷಣೆ

(ಬಳಗದ ಬೇಸಿಗೆ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಸಿದ್ಧತೆ ಬೇಸಿಗೆಯ ಬಿಸಿಲಿನಲ್ಲಿಯೇ ಆರಂಭವಾಗುತ್ತದೆ. ಹಪ್ಪಳ, ಸಂಡಿಗೆ, ಮಜ್ಜಿಗೆಮೆಣಸುಗಳ ಜೊತೆಗೆ ಅಂಗಳದ ಚಾಪೆಯ ಒಂದು ಮೂಲೆಯಲ್ಲಿ ಸುಂಡೆಕಾಯಿಯೂ ಒಣಗುತ್ತಿತ್ತು. ಇಂದು ಹಪ್ಪಳ, ಸಂಡಿಗೆಗಳು ಅಂಗಡಿಯಿಂದ ಬರುತ್ತವೆ. ಸುಂಡೆಕಾಯಿ ಮಾತ್ರ ಬಹುತೇಕ ಮನೆಗಳಿಂದ ಸದ್ದಿಲ್ಲದೆ ಮರೆಯಾಗುತ್ತಿದೆ. ಬೆಲೆ ಕಟ್ಟಿ ಮಾರದ ವಸ್ತುವಿನ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ.

ಸುಂಡೆ, ಸೊಂಡೆ, ಕರಾವಳಿಯತ್ತ ಕುದನೆ ಎಂದು ಕರೆಯಲ್ಪಡುವ ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ಸೊಲಾನಮ್ ಟಾರ್ವಮ್. ಬದನೆ, ಟೊಮೇಟೊ, ಆಲೂಗಡ್ಡೆಗಳ ಕುಟುಂಬಕ್ಕೆ ಸೇರಿದ್ದು. ಆಳೆತ್ತರ ಅಥವಾ ಅದಕ್ಕೂ ಮೇಲೆ ಬೆಳೆಯುವ ಪೊದೆ. ಅಲ್ಲಲ್ಲಿ ಮುಳ್ಳು, ಅಗಲವಾದ ಎಲೆ, ಬಿಳಿಯ ಹೂ, ಗೊಂಚಲು ಗೊಂಚಲಾಗಿ ಗೋಲಿಗಿಂತ ಚಿಕ್ಕದಾದ ಹಸಿರು ಕಾಯಿ. ಇದನ್ನು ಕಿರುಗುಳ್ಳದೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಕಿರುಗುಳ್ಳದ ಹೂ ನೇರಳೆ ಬಣ್ಣದ್ದು, ಹಣ್ಣು ಕಿತ್ತಳೆಗೆಂಪು, ಗಿಡದ ತುಂಬ ಮುಳ್ಳು. ಗುರುತು ಖಚಿತವಾಗದ ಕಾಯಿಯನ್ನು ಅಡುಗೆಮನೆಗೆ ತರದಿರುವುದು ಮೊದಲ ನಿಯಮ.

ಪರಿಸರದ ಕಾರ್ಯಕರ್ತರು ಒಂದು ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕಾಗುತ್ತದೆ. ಸುಂಡೆ ಈ ಕಾಡಿನ ಮೂಲನಿವಾಸಿಯಲ್ಲ. ಉಷ್ಣವಲಯದ ಅಮೆರಿಕ ಅದರ ತವರು. ಮೆಣಸಿನಕಾಯಿ, ಗೋಡಂಬಿಗಳಂತೆ ಹೊರಗಿನಿಂದ ಬಂದು ಇಲ್ಲಿನದೇ ಆಯಿತು. ಹಕ್ಕಿಗಳು ಬೀಜ ಹರಡುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಹಾನಿಕಾರಕ ಕಳೆಗಳ ಪಟ್ಟಿಯಲ್ಲಿದೆ. ಆದುದರಿಂದ ಇದನ್ನು ಕಾಡಿನೊಳಗೆ ನೆಡುವುದು ಸಲ್ಲದು. ಇದರ ಸ್ಥಾನ ಬೇಲಿ, ಹಿತ್ತಲು, ತೋಟದ ಅಂಚು.

ಬಾಳಕ ಮಾಡುವ ಕ್ರಮ ಸರಳ, ಆದರೆ ಅದರ ಒಂದೊಂದು ಹಂತಕ್ಕೂ ಕಾರಣವಿದೆ. ಬಲಿತ, ಆದರೆ ಹಳದಿಗೆ ತಿರುಗದ ಕಾಯಿಗಳನ್ನು ತೊಟ್ಟು ಬಿಡಿಸಿ, ಕಲ್ಲಿನಿಂದ ಮೆಲ್ಲನೆ ಜಜ್ಜಿ, ನೀರಿನಲ್ಲಿ ಉಜ್ಜಿ ತೊಳೆದರೆ ಬೀಜ ಬಹುಪಾಲು ಹೊರಬೀಳುತ್ತದೆ. ಅನಂತರ ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತೆಗೆದು ಬಿಸಿಲಿಗೆ ಹರಡಬೇಕು. ಸಂಜೆ ಅದೇ ಮಜ್ಜಿಗೆಗೆ ಮರಳಿ ಹಾಕಬೇಕು. ಮೂರು ನಾಲ್ಕು ದಿನ ಹೀಗೆ ಮಾಡಿದರೆ ಮಜ್ಜಿಗೆಯೆಲ್ಲ ಕಾಯಿಯೊಳಗೆ ಇಂಗುತ್ತದೆ. ಆಮೇಲೆ ಗಲಗಲ ಸದ್ದಾಗುವವರೆಗೆ ಒಣಗಿಸಿ ಭರಣಿಗೆ ತುಂಬಬೇಕು.

ಜಜ್ಜುವುದರಿಂದ ಉಪ್ಪು ಮತ್ತು ಹುಳಿ ಒಳಗೆ ಇಳಿಯುತ್ತವೆ, ಕಹಿಯ ಒಂದಂಶ ನೀರಿಗೆ ಬಿಡುತ್ತದೆ. ಉಪ್ಪು ನಾಲಗೆಗೆ ಕಹಿಯನ್ನು ಕಡಿಮೆಯಾಗಿ ತೋರಿಸುತ್ತದೆ. ಹುಳಿಯು ಕೊಳೆಸುವ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ಬಿಸಿಲು ನೀರಿನಂಶವನ್ನು ಬೂಷ್ಟು ಬೆಳೆಯಲಾಗದ ಮಟ್ಟಕ್ಕೆ ಇಳಿಸುತ್ತದೆ. ಆಷಾಢದ ತೇವಕ್ಕೆ ಬಾಯಿ ತೆರೆದಿಟ್ಟ ಭರಣಿಯಲ್ಲಿ ಈ ರಕ್ಷಣೆ ಉಳಿಯುವುದಿಲ್ಲ. ಬೂಷ್ಟು ಹಿಡಿದ ಬಾಳಕವನ್ನು ಮತ್ತೆ ಒಣಗಿಸಿ ತಿನ್ನಬಾರದು. ಬೂಷ್ಟಿನ ವಿಷ ಬಿಸಿಲಿಗೂ ಒಗ್ಗರಣೆಗೂ ಹೋಗುವಂಥದಲ್ಲ.

ಅಡುಗೆಯಲ್ಲಿ ಇದರ ಉಪಯೋಗ ಹಲವು ಬಗೆ. ತುಪ್ಪದಲ್ಲಿ ಕಂದುಬಣ್ಣಕ್ಕೆ ಹುರಿದು ಬಿಸಿ ಅನ್ನದ ಮೊದಲ ತುತ್ತಿಗೆ ನುರಿದುಕೊಳ್ಳುವುದು ಅತ್ಯಂತ ಸರಳ. ಹುರಿದ ಬಾಳಕವನ್ನು ಜೀರಿಗೆ, ಕಾಳುಮೆಣಸು, ತೆಂಗಿನ ತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ, ಇದನ್ನು ಕುದಿಸುವುದಿಲ್ಲ. ಹುಣಿಸೆ, ಬೆಲ್ಲ, ಮೆಣಸಿನ ಪುಡಿಯ ಗೊಜ್ಜಿಗೆ ಹುರಿದ ಬಾಳಕವನ್ನು ಕೊನೆಯಲ್ಲಿ ಹಾಕಿದರೆ ಅದರ ಗರಿ ಉಳಿಯುತ್ತದೆ. ತಮಿಳುನಾಡಿನ ವತ್ತಕ್ಕುಳಂಬು ಇದೇ ಬಳಗದ್ದು. ಥಾಯ್ಲೆಂಡಿನಲ್ಲಿ ಹಸಿಕಾಯಿಯನ್ನೇ ತೆಂಗಿನಹಾಲಿನ ಮೇಲೋಗರಕ್ಕೆ ಹಾಕುತ್ತಾರೆ. ಬಾಳಕದಲ್ಲಿ ಆಗಲೇ ಉಪ್ಪಿರುವುದರಿಂದ ಅಡುಗೆಗೆ ಬೇರೆ ಉಪ್ಪನ್ನು ರುಚಿ ನೋಡಿಯೇ ಹಾಕುವುದು ಒಳ್ಳೆಯದು. ರಕ್ತದೊತ್ತಡವಿರುವವರು ಈ ಮಾತನ್ನು ವಿಶೇಷವಾಗಿ ಗಮನಿಸಬೇಕು.

ಇನ್ನು ಪೋಷಣೆಯ ವಿಚಾರ. ಒಣಗಿದ ಸುಂಡೆಕಾಯಿ ರಕ್ತಹೀನತೆಗೆ ರಾಮಬಾಣವೆಂಬ ಮಾತು ಪ್ರಚಾರದಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಹಳೆಯ ಕೋಷ್ಟಕಗಳಲ್ಲಿ 100 ಗ್ರಾಮ್ ಒಣ ಸುಂಡೆಕಾಯಿಗೆ ಸುಮಾರು 22 ಮಿಲಿಗ್ರಾಮ್ ಕಬ್ಬಿಣವೆಂದು ಇರುವುದು ನಿಜ. ಆದರೆ ಒಬ್ಬರು ಒಂದು ಊಟಕ್ಕೆ 100 ಗ್ರಾಮ್ ತಿನ್ನುವುದಿಲ್ಲ. ತಿನ್ನುವುದು 5 ಗ್ರಾಮಿನ ಆಸುಪಾಸು. ಅದರಲ್ಲಿ ದೊರೆಯುವುದು ಸುಮಾರು 1 ಮಿಲಿಗ್ರಾಮ್. 2020ರ ಭಾರತೀಯ ಶಿಫಾರಸಿನ ಪ್ರಕಾರ ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಮ್ ಬೇಕು. ಸಸ್ಯಮೂಲದ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದೂ ಸಣ್ಣ ಪಾಲು ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತು. ಇಷ್ಟು ಗಂಭೀರವಾದ ಸಮಸ್ಯೆಗೆ ಬಾಳಕವೊಂದೇ ಮದ್ದು ಎಂದು ಹೇಳಿ ಬಸುರಿಯೊಬ್ಬಳು ಕಬ್ಬಿಣದ ಮಾತ್ರೆ ಬಿಡುವಂತಾದರೆ, ಅದು ಸಂಪ್ರದಾಯದ ಸೇವೆಯಲ್ಲ, ಅಪಚಾರ.

ಹಾಗಾದರೆ ಇದರ ಹಿರಿಮೆ ಎಲ್ಲಿದೆ? ನಾರಿನಂಶ ಹೇರಳ, ಖನಿಜಗಳಿವೆ. ಬಿಸಿಲಿನಲ್ಲಿ ಸಿ ಜೀವಸತ್ವ ಬಹುಪಾಲು ನಾಶವಾಗುತ್ತದೆ. ಊಟದಲ್ಲಿ ನಿಂಬೆ ಅಥವಾ ನೆಲ್ಲಿ ಸೇರಿದರೆ ಆ ಕೊರತೆ ತುಂಬುತ್ತದೆ, ಕಬ್ಬಿಣದ ಹೀರಿಕೆಯೂ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತರಕಾರಿ ದುರ್ಲಭವಾದ ಮಳೆಯ ತಿಂಗಳುಗಳಲ್ಲಿ ತಟ್ಟೆಗೆ ವೈವಿಧ್ಯ ಬರುತ್ತದೆ.

ಕಹಿಯನ್ನು ಗೌರವಿಸಬೇಕಾದ ಇನ್ನೊಂದು ಕಾರಣವೂ ಇದೆ. ಈ ಕುಟುಂಬದ ಕಾಯಿಗಳಲ್ಲಿ ಗ್ಲೈಕೋಆಲ್ಕಲಾಯ್ಡ್ ಎಂಬ ರಾಸಾಯನಿಕಗಳಿರುತ್ತವೆ. ಜಮೈಕದಲ್ಲಿ ಸುಂಡೆಕಾಯಿ ನಿತ್ಯದ ಆಹಾರ. ಆದರೂ ಅದನ್ನು ತಿಂದ ಕೆಲವರಲ್ಲಿ ತೊದಲುಮಾತು, ಸ್ನಾಯುಗಳ ನಿಶ್ಶಕ್ತಿ, ನಡಿಗೆಯ ತೂರಾಟ ಕಾಣಿಸಿಕೊಂಡುದನ್ನು 2008ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನವೊಂದು ದಾಖಲಿಸಿದೆ. ಇಂಥ ಪ್ರಸಂಗಗಳು ವಿರಳ. ಆದರೆ ಈ ರಾಸಾಯನಿಕಗಳು ಬೇಯಿಸಿದರೂ ಸುಲಭವಾಗಿ ನಾಶವಾಗುವುದಿಲ್ಲ. ಎಂದಿಗಿಂತ ವಿಪರೀತ ಕಹಿಯಾದ, ಗಂಟಲು ಸುಡುವಂಥ ಕಾಯಿಯನ್ನು ಎಸೆಯುವುದೇ ಲೇಸು. ಬಾಳಕವನ್ನು ವ್ಯಂಜನವಾಗಿ, ಸ್ವಲ್ಪವಾಗಿ ಬಳಸುವ ಹಿರಿಯರ ರೂಢಿ ಅರ್ಥವತ್ತಾದುದು.

ಕೃಷಿಗೂ ಈ ಗಿಡ ನೆರವಾಗುತ್ತದೆ. ಬದನೆ, ಟೊಮೇಟೊಗಳನ್ನು ಕಾಡುವ ದುಂಡಾಣು ಸೊರಗು ರೋಗವನ್ನೂ ಬೇರುಗಂಟು ಜಂತುಹುಳುವನ್ನೂ ಸುಂಡೆಯ ಬೇರು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಆದುದರಿಂದ ಅನೇಕ ದೇಶಗಳಲ್ಲಿ ಇದರ ಮೇಲೆ ಬದನೆಯನ್ನು ಕಸಿ ಕಟ್ಟುತ್ತಾರೆ. ಕಳೆಯೆಂದು ಕಿತ್ತೆಸೆದ ಬೇರು ಇನ್ನೊಂದು ಬೆಳೆಯನ್ನು ಉಳಿಸಬಲ್ಲದು.

ಆದರೆ ಬೇಲಿಯೇ ಉಳಿಯದಿದ್ದರೆ ಬಾಳಕವೆಲ್ಲಿಂದ? ಜೀವಂತ ಬೇಲಿಯ ಸ್ಥಳದಲ್ಲಿ ತಂತಿ ಬಂದಿದೆ, ತೋಟದ ಅಂಚಿಗೆ ಕಳೆನಾಶಕ ಬಿದ್ದಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಗ್ಲೈಫೋಸೇಟಿನ ಬಳಕೆಯನ್ನು ಕೀಟನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸುವ ಅಧಿಸೂಚನೆ ಹೊರಡಿಸಿತು. ಅಧಿಸೂಚನೆಗಿಂತ ಮೊದಲು ಬದಲಾಗಬೇಕಾದುದು, ಅಂಚು ಎಂದರೆ ಬರಿದಾಗಿರಬೇಕೆಂಬ ಕಲ್ಪನೆ. ಸಿಂಪಡಣೆಯಾದ ಅಂಚಿನಿಂದ, ವಾಹನದ ಹೊಗೆ ಹಿಡಿದ ರಸ್ತೆಬದಿಯಿಂದ ಕಾಯಿ ಕೊಯ್ಯುವುದೂ ಸುರಕ್ಷಿತವಲ್ಲ.

ಪ್ರತಿ ಮನೆಯ ಬೇಲಿಯಲ್ಲಿ ವಿಷ ಬೀಳದ ಹತ್ತು ಮಾರು ಜಾಗ, ಅದರಲ್ಲಿ ಎರಡು ಸುಂಡೆಗಿಡ, ಕಾಯಿ ಜಜ್ಜಲು ಅಜ್ಜಿಯ ಪಕ್ಕದಲ್ಲಿ ಕುಳಿತ ಒಂದು ಮಗು: ಈ ಬೇಸಿಗೆಗೆ ಇಷ್ಟಾದರೆ ಸಾಕು. ಮುಂದಿನ ಮಳೆಗಾಲದ ಭರಣಿ ತಾನಾಗಿ ತುಂಬುತ್ತದೆ.