ವಿದ್ಯೆಯ ಋಣಕ್ಕೆ ಮುದತ್ತಿಲ್ಲ
(ಘೋಡಗೇರಿಯಲ್ಲಿ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ ಮಾಡಿದ ಭಾಷಣ)



ಕೈಗಡದ ದಾವೆಗೆ ಕಾಯಿದೆಯು 3 ವರ್ಷಗಳ ಮುದತ್ತನ್ನು ಹಾಕಿದೆ. ವಿದ್ಯೆಯ ಋಣಕ್ಕೆ ಅಂಥ ಮುದತ್ತಿಲ್ಲ. ಬರಿಯ ಹಣದಿಂದ ಅದು ತೀರುವದೂ ಇಲ್ಲ.

ದೇಣಿಗೆ ಬೇಡವೆಂದು ನಾವು ಹೇಳುವವರಲ್ಲ. ಶಾಲೆಯ ಹಂಚು ಒಡೆದರೆ ಹಣವೇ ಬೇಕು. ವಂಟಮುರಿಯ ರಾಜಾ ಲಖಮಗೌಡರಂಥ ಉದಾರಿಗಳ ಹೆಸರನ್ನು ಬೆಳಗಾವಿಯ ಕಾಲೇಜುಗಳು ಇಂದಿಗೂ ಹೊತ್ತಿರುವವು. ಆದರೆ ಹಣವನ್ನು ಪರಸ್ಥಳದವರೂ ಕೊಡಬಲ್ಲರು. ಈ ಊರಿನಿಂದ ಪದವಿಯವರೆಗೆ ನಡೆದ ದಾರಿಯ ಅರಿವನ್ನು ಆ ದಾರಿ ತುಳಿದವರೇ ಕೊಡಬೇಕು.

1916ರಲ್ಲಿ ಬೆಳಗಾವಿಯಲ್ಲಿ ಬಸವನಾಳ, ಸಾಖರೆ, ಕಟ್ಟೀಮನಿ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಪಾಟೀಲ ಎಂಬ ಏಳು ಜನ ಸುಶಿಕ್ಷಿತರು ಕೂಡಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸಾಯಿಟಿಯನ್ನು ಕಟ್ಟಿದರು. ಅವರು ಧನಿಕರಲ್ಲ, ಶಿಕ್ಷಕರು. ತಾವು ಪಡೆದ ವಿದ್ಯೆಯನ್ನೇ ನಾಡಿಗೆ ಬಂಡವಾಳವಾಗಿ ಇತ್ತರು. ಆ ಒಂದು ಶಾಲೆಯಿಂದ ಇಂದು ಇನ್ನೂರಕ್ಕೂ ಮಿಕ್ಕಿದ ಸಂಸ್ಥೆಗಳು ಬೆಳೆದಿವೆ.

ಇನ್ನೊಂದು ನಿದರ್ಶನವು ನೆರೆಯ ಗೋಕಾಕ ತಾಲೂಕಿನದೇ. ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಕಲಿತು, ಕೇಂಬ್ರಿಜಿನಲ್ಲಿ ಗಣಿತದ ರ‍್ಯಾಂಗ್ಲರರಾದರು. 1954ರಿಂದ 1967ರವರೆಗೆ ಅದೇ ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಬೆಳೆಸಿದರು. ಕಲಿತ ಊರಿಗೆ ಅವರು ಕೊಟ್ಟದ್ದು ತಮ್ಮ ಆಯುಷ್ಯದ 13 ವರ್ಷಗಳನ್ನು.

ನಮ್ಮಿಂದ ಅಷ್ಟಾಗದಿರಬಹುದು. ತಿಂಗಳಿಗೊಂದು ರವಿವಾರವಾದರೂ ಆಗಲಾರದೇ? ಹತ್ತನೆಯ ತರಗತಿ ಮುಗಿದೊಡನೆ ಮಗಳ ಓದನ್ನು ಬಿಡಿಸಬೇಕೆನ್ನುವ ತಂದೆಗೆ ಮಾಸ್ತರರ ಮಾತು ಹಿಡಿಸದಿರಬಹುದು. ಇದೇ ಶಾಲೆಯಲ್ಲಿ ಕಲಿತು ದಾದಿಯಾದ ಹೆಣ್ಣುಮಗಳು ಮನೆಗೆ ಬಂದು ಕುಳಿತರೆ ಆತನ ಮನಸ್ಸು ತಿರುಗೀತು. ಶಿಷ್ಯವೇತನದ ಅರ್ಜಿಯನ್ನು ಗುಮಾಸ್ತನಾದವನು ತುಂಬಿಸಿ ಕೊಡಲಿ. ಪರೀಕ್ಷೆಗೆಂದು ಬೆಳಗಾವಿಗೆ ಬಂದ ಹುಡುಗನಿಗೆ ಅಲ್ಲಿ ನೆಲೆಸಿದವನು ಎರಡು ರಾತ್ರಿ ಇಂಬು ಕೊಡಲಿ. ಇವುಗಳಿಗೆ ರಸೀದಿಯಿಲ್ಲ, ಗೋಡೆಯ ಮೇಲೆ ಕಲ್ಲಿನ ಫಲಕವಿಲ್ಲ. ಆದರೆ ಇವುಗಳ ಅಭಾವದಿಂದಲೇ ಎಷ್ಟೋ ಬುದ್ಧಿವಂತ ಮಕ್ಕಳು ನಡುದಾರಿಯಲ್ಲಿ ನಿಲ್ಲುತ್ತಾರೆ.

ಆದ ಕಾರಣ ನಮ್ಮ ವಿನಂತಿಯು ಇಷ್ಟೇ: ಇಂದು ಮನೆಗೆ ಮರಳುವ ಮೊದಲು ಮುಖ್ಯಾಧ್ಯಾಪಕರ ಬಳಿ ನಿಮ್ಮ ಹೆಸರು, ನಿಮ್ಮ ಕಸಬು, ನಿಮಗೆ ಬಿಡುವಿರುವ ದಿನ ಈ ಮೂರನ್ನೂ ಬರೆಯಿಸಿ ಹೋಗಿರಿ.