ಸೂಪರ್‌ಹೀರೋ ಚಿತ್ರಗಳಲ್ಲಿ ಕೌತುಕ ಹುಟ್ಟುವ ಬಗೆ

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಶತಮಾನೋತ್ಸವದ ವೇದಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಹಿರಿಯರಿಗೆ ಅನ್ನಿಸಬಹುದು. ಇದಕ್ಕೆ ಕಾರಣಳು ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. ಕಳೆದ ಸಲ ನಾನು ಇಲ್ಲಿಗೆ ಬಂದಾಗ ಅವಳು ಕೇಳಿದಳು: "ಹೀರೋ ಗೆಲ್ತಾನ ಅಂತ ಮೊದ್ಲೇ ಗೊತ್ತಿರ್ತದ. ಆದ್ರೂ ಎದಿ ಯಾಕ ಹೊಡ್ಕೊಂತದ್ರಿ ಸರ್?" ಆಗ ನಗುತ್ತ ಏನೋ ಹೇಳಿ ಪಾರಾದೆ. ಊರಿಗೆ ಮರಳಿದ ಮೇಲೆ ಆ ಪ್ರಶ್ನೆ ಎಷ್ಟು ದೊಡ್ಡದೆಂಬುದು ಹೊಳೆಯಿತು. ಇಂದಿನ ಮಾತೆಲ್ಲ ಅವಳಿಗೆ ಕೊಡಬೇಕಾಗಿದ್ದ ಉತ್ತರ.

ಮುಂದೇನಾಗುವುದೋ ತಿಳಿಯದಿರುವುದೇ ಕೌತುಕ ಎಂದು ನಾವು ಭಾವಿಸುತ್ತೇವೆ. ಚಿತ್ರನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಒಪ್ಪುತ್ತಿರಲಿಲ್ಲ. ಇಬ್ಬರು ಮೇಜಿನ ಎದುರು ಕುಳಿತು ಮಾತನಾಡುತ್ತಿರುವಾಗ ಥಟ್ಟನೆ ಬಾಂಬು ಸಿಡಿದರೆ ನಮಗಾಗುವುದು ಕೆಲವು ಕ್ಷಣಗಳ ಬೆಚ್ಚುವಿಕೆ ಮಾತ್ರ. ಮೇಜಿನ ಕೆಳಗೆ ಬಾಂಬಿದೆ, ಇಷ್ಟು ಹೊತ್ತಿಗೆ ಸಿಡಿಯುತ್ತದೆ ಎಂಬುದನ್ನು ನಮಗೆ ಮೊದಲೇ ತೋರಿಸಿದರೆ, ಅದೇ ಮಾತುಕತೆ ಹದಿನೈದು ನಿಮಿಷ ನಮ್ಮ ಉಸಿರು ಬಿಗಿಹಿಡಿಸುತ್ತದೆ. ಅಂದರೆ ಕೌತುಕವು ಅಜ್ಞಾನದಿಂದ ಹುಟ್ಟುವುದಲ್ಲ. ಬಲ್ಲವನ ಕಾಯುವಿಕೆಯಿಂದ ಹುಟ್ಟುವುದು.

ಈ ಸತ್ಯ ನಮ್ಮ ಸೀಮೆಯ ಹಿರಿಯರಿಗೆ ಹೊಸದಲ್ಲ. ಬಯಲಾಟ ನೋಡಲು ಕುಳಿತ ಯಾರಿಗೆ ಭಾರತದ ಕಥೆ ತಿಳಿದಿರಲಿಲ್ಲ? ಆದರೂ ಬೆಳಗಾಗುವವರೆಗೆ ಕಂಬಳಿ ಹೊದ್ದು ಕೂಡುತ್ತಿದ್ದರು. ಇಬ್ಬರು ಪರದೆ ಹಿಡಿದು ನಿಲ್ಲುವರು. ಅದರ ಹಿಂದಿನಿಂದ ಮೊದಲು ಕೇಳುವುದು ಗೆಜ್ಜೆಯ ಸಪ್ಪಳ, ಮದ್ದಲೆಯ ಪೆಟ್ಟು. ಪರದೆ ಸರಿದು ವೇಷ ಎದುರಿಗೆ ಬಂದರೂ ಸಾರಥಿ ಸುಮ್ಮನಿರದೆ, ತಾವು ಯಾರು, ಯಾವ ಊರು ಎಂದು ಕೇಳಿ ಕೇಳಿ ಇನ್ನಷ್ಟು ತಡಮಾಡುವನು. ಮೊದಲು ಶಬ್ದ, ಅನಂತರ ಬೆಳಕು, ನಡುವೆ ವಿಳಂಬ: ಇಂದಿನ ಕೋಟ್ಯಂತರ ರೂಪಾಯಿಯ ಚಿತ್ರಗಳಲ್ಲೂ ಇರುವುದು ಈ ಮೂರೇ. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು ಬೆಳಕು. 2024ರ ಸಂಕ್ರಾಂತಿಗೆ ಬಂದ ‘ಹನುಮಾನ್’ ಎಂಬ ತೆಲುಗು ಚಿತ್ರವನ್ನು ನಮ್ಮ ಮಕ್ಕಳಲ್ಲಿ ಅನೇಕರು ನೋಡಿದ್ದಾರೆ. ಪ್ರಶಾಂತ್ ವರ್ಮಾ ಅದರ ನಿರ್ದೇಶಕರು. ಕಥೆ ನಡೆಯುವ ಊರಿನ ಹೆಸರು ಅಂಜನಾದ್ರಿ. ಅದು ಕಲ್ಪಿತ ಊರಾದರೂ ಹೆಸರು ನಮಗೆ ಆಪ್ತ. ಕೊಪ್ಪಳ ಜಿಲ್ಲೆಯ ಆನೆಗೊಂದಿಯ ಬಳಿ ಅದೇ ಹೆಸರಿನ ಬೆಟ್ಟವಿದೆ. ಅದರ ಹತ್ತಿರ ಹರಿಯುವ ತುಂಗಭದ್ರೆ ನಮ್ಮ ಗದ್ವಾಲ ಸೀಮೆಯ ಆಲಂಪುರದ ಬಳಿ ಕೃಷ್ಣೆಯನ್ನು ಕೂಡುತ್ತಾಳೆ. ಚಿತ್ರದಲ್ಲಿ ಸಾಮಾನ್ಯ ಹುಡುಗನೊಬ್ಬನಿಗೆ ಒಂದು ಮಣಿ ಸಿಗುತ್ತದೆ. ಅದರ ಮೇಲೆ ಸೂರ್ಯನ ಬೆಳಕು ಬಿದ್ದರೆ ಮಾತ್ರ ಅವನಿಗೆ ಶಕ್ತಿ. ಈ ಒಂದು ನಿಯಮದಿಂದ ಬೆಳಕು ಕೇವಲ ಅಲಂಕಾರವಾಗಿ ಉಳಿಯದೆ ಕಥೆಯ ಪ್ರಾಣವಾಗುತ್ತದೆ. ಹೊತ್ತು ಮುಳುಗುವುದನ್ನು ನೋಡಿದರೆ ಸಾಕು, ಯಾರೂ ಏನೂ ಹೇಳದಿದ್ದರೂ ನಮ್ಮ ಮನಸ್ಸು ಅಳುಕುತ್ತದೆ.

ಬೆಳಕು ಎಲ್ಲಿಂದ ಬೀಳುತ್ತದೆ ಎಂಬುದೂ ಮುಖ್ಯ. ಕರೆಂಟು ಹೋದಾಗ ಗದ್ದದ ಕೆಳಗೆ ಬ್ಯಾಟರಿ ಹಿಡಿದು ತಮ್ಮನನ್ನು ಹೆದರಿಸಿದ ಮಕ್ಕಳಿಗೆ ಇದನ್ನು ಕಲಿಸಬೇಕಾಗಿಲ್ಲ. ಒಂದು ಪಕ್ಕದಿಂದ ಬಿದ್ದರೆ ಅರ್ಧ ಮುಖ ಕತ್ತಲಲ್ಲಿ ಉಳಿದು, ಆ ಮನುಷ್ಯನನ್ನು ನಂಬಬಹುದೇ ಎಂಬ ಸಂದೇಹ ಮೂಡುತ್ತದೆ. ಬೆನ್ನ ಹಿಂದಿನಿಂದ ಬಿದ್ದರೆ ಆಕಾರ ಮಾತ್ರ ಕಂಡು ಗುರುತು ಸಿಗುವುದಿಲ್ಲ. ತೊಗಲುಗೊಂಬೆಯಾಟದವರು ಗೊಂಬೆಯನ್ನು ಪರದೆಯಿಂದ ದೀಪದ ಕಡೆಗೆ ಸರಿಸಿ ಅದರ ನೆರಳನ್ನು ದೊಡ್ಡದಾಗಿ, ಮಸುಕಾಗಿ ಮಾಡುವುದೂ ಇದೇ ವಿದ್ಯೆ.

ಆದರೆ ಭಯವೆಂದರೆ ಕತ್ತಲೆ ಎಂಬ ಸೂತ್ರವೂ ಸದಾ ನಿಜವಲ್ಲ. ಕ್ರಿಸ್ಟೋಫರ್ ನೋಲನ್ ಅವರ ‘ದಿ ಡಾರ್ಕ್ ನೈಟ್’ (2008) ಚಿತ್ರದಲ್ಲಿ ಖಳನಾಯಕ ಜೋಕರ್‌ನ ವಿಚಾರಣೆ ಕತ್ತಲ ಕೋಣೆಯಲ್ಲಿ ಒಂದು ಸಣ್ಣ ದೀಪದ ಮುಂದೆ ಆರಂಭವಾಗುತ್ತದೆ. ಪೊಲೀಸ್ ಅಧಿಕಾರಿ ಎದ್ದು ಹೊರಗೆ ಹೋಗುತ್ತಾನೆ. ಕೋಣೆಯ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಬ್ಯಾಟ್‌ಮ್ಯಾನ್ ಅಷ್ಟು ಹೊತ್ತೂ ಜೋಕರ್‌ನ ಬೆನ್ನ ಹಿಂದೆಯೇ ನಿಂತಿರುತ್ತಾನೆ! ಇಲ್ಲಿ ಎದೆ ನಡುಗಿಸುವುದು ಬೆಳಕು.

ಎರಡನೆಯದು ಸಂಕಲನ, ಅಂದರೆ ದೃಶ್ಯದ ತುಣುಕುಗಳನ್ನು ಕತ್ತರಿಸಿ ಜೋಡಿಸುವ ಕೆಲಸ. ನೇಕಾರರ ನಾಡಾದ ನಮಗೆ ಇದನ್ನು ವಿವರಿಸುವುದು ಸುಲಭ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಬೇರೆ ಬೇರೆ ಗುಣದ ಎರಡು ನೂಲು ಒಂದನ್ನೊಂದು ಕಚ್ಚಿಕೊಳ್ಳುವ ಜಾಗದಲ್ಲಿ ನೇಕಾರನ ಕೈಚಳಕವಿದೆ. ಸಂಕಲನಕಾರನ ಜಾಣ್ಮೆ ಇರುವುದೂ ಆ ಜೋಡಣೆಯಲ್ಲಿಯೇ.

ಅದೇ ಚಿತ್ರದ ಕೊನೆಯ ಭಾಗದಲ್ಲಿ ಎರಡು ಹಡಗುಗಳಿವೆ. ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ಸಾಮಾನ್ಯ ಜನರು. ಎರಡರಲ್ಲೂ ಸಿಡಿಮದ್ದಿದೆ, ಒಬ್ಬರ ಹಡಗನ್ನು ಸಿಡಿಸುವ ಗುಂಡಿ ಮತ್ತೊಬ್ಬರ ಕೈಯಲ್ಲಿದೆ. ನಡುರಾತ್ರಿಯೊಳಗೆ ಯಾರೂ ಒತ್ತದಿದ್ದರೆ ಎರಡನ್ನೂ ಸಿಡಿಸುವೆನೆಂದು ಜೋಕರ್ ಬೆದರಿಸಿದ್ದಾನೆ. ಸಂಕಲನಕಾರ ನಮ್ಮನ್ನು ಎಲ್ಲಿಯೂ ನಿಲ್ಲಲು ಬಿಡುವುದಿಲ್ಲ. ಈ ಹಡಗು, ಆ ಹಡಗು, ಬ್ಯಾಟ್‌ಮ್ಯಾನ್ ಹೋರಾಡುತ್ತಿರುವ ಕಟ್ಟಡ, ಮತ್ತೆ ಈ ಹಡಗು. ಪ್ರತಿ ಸಲವೂ ನಮಗೆ ಬೇಕಾದ ಉತ್ತರ ಸಿಗುವ ಮುನ್ನವೇ ಕತ್ತರಿ ಬೀಳುತ್ತದೆ. ಕೊನೆಗೆ ನಡುರಾತ್ರಿ ಕಳೆದರೂ ಯಾರೂ ಗುಂಡಿ ಒತ್ತುವುದಿಲ್ಲ. ಗಮನಿಸಿ ಮಕ್ಕಳೇ, ಅಲ್ಲಿ ಗೆದ್ದದ್ದು ಹೀರೋನ ತೋಳ್ಬಲವಲ್ಲ, ಹೆದರಿದ ಸಾಮಾನ್ಯರ ಒಳ್ಳೆಯತನ. ಅಷ್ಟು ಹೊತ್ತು ಕಾಯಿಸಿದ್ದರಿಂದಲೇ ಆ ಗೆಲುವಿಗೆ ಅಷ್ಟು ತೂಕ ಬಂದಿತು.

ಮೂರನೆಯದು ಶಬ್ದ. ಕಣ್ಣು ಮುಚ್ಚಿಕೊಳ್ಳಬಹುದು, ಕಿವಿಗೆ ರೆಪ್ಪೆಯಿಲ್ಲ. ಜೋಕರ್‌ನ ಸುಳಿವು ಸಿಕ್ಕಾಗ ಆ ಚಿತ್ರದಲ್ಲಿ ಕೇಳಿಬರುವುದು ರಾಗವಲ್ಲ. ಸೆಲ್ಲೋ ಎಂಬ ತಂತಿವಾದ್ಯದಲ್ಲಿ ಒಂದೇ ಸ್ವರವನ್ನು ತೆಳುವಾಗಿ, ಬಿಗಿಯಾಗಿ ಎಳೆಯುತ್ತ ಹೋಗುವ ನಾದ. ಬ್ಯಾಟ್‌ಮ್ಯಾನ್‌ನ ಬೈಕಿನ ಸದ್ದಿಗೆ ಶಬ್ದವಿನ್ಯಾಸಕಾರ ರಿಚರ್ಡ್ ಕಿಂಗ್ ಇನ್ನೊಂದು ಯುಕ್ತಿ ಹೂಡಿದರು. ಮನೋವಿಜ್ಞಾನಿ ರೋಜರ್ ಶೆಪರ್ಡ್ 1964ರಲ್ಲಿ ವಿವರಿಸಿದ ಶ್ರವಣಭ್ರಮೆ ಅದು. ಮಂದ್ರ, ಮಧ್ಯ, ತಾರ ಸ್ಥಾಯಿಗಳ ಸ್ವರಗಳು ಒಟ್ಟಿಗೆ ಮೇಲೇರುತ್ತವೆ. ಮೇಲಿನದು ಮೆಲ್ಲಗೆ ಕರಗುವಾಗ ಕೆಳಗಿನಿಂದ ಇನ್ನೊಂದು ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ಕಿವಿಗೆ ಮಾತ್ರ ನಾದವು ಎಂದೆಂದಿಗೂ ಏರುತ್ತಲೇ ಇರುವಂತೆ ತೋರುತ್ತದೆ. ಏರಿದ್ದು ಇಳಿಯಲೇಬೇಕೆಂದು ಕಾಯುವ ಮನಸ್ಸಿಗೆ ಬಿಡುಗಡೆಯೇ ಇಲ್ಲ. ಇಷ್ಟೆಲ್ಲ ಸದ್ದಿನ ನಡುವೆ ಒಮ್ಮೆಲೇ ಮೌನ ಬಂದರೆ ಅದು ಎಲ್ಲಕ್ಕಿಂತ ಗಟ್ಟಿಯಾಗಿ ಕೇಳಿಸುತ್ತದೆ.

ಪಾಲಕರಲ್ಲಿ ನನ್ನದೊಂದು ಅರಿಕೆ. ಮಕ್ಕಳು ಮೊಬೈಲಿನಲ್ಲಿ ಸಿನಿಮಾ ನೋಡುತ್ತಾರೆಂದು ಬೈಯುವ ಮೊದಲು, ಒಂದು ದಿನ ಅವರ ಪಕ್ಕದಲ್ಲಿ ಕುಳಿತು ಈ ಪ್ರಯೋಗ ಮಾಡಿರಿ. ಎದೆ ಹೊಡೆದುಕೊಳ್ಳುವಂಥ ಎರಡು ನಿಮಿಷದ ದೃಶ್ಯವನ್ನು ಮೊದಲು ಶಬ್ದವಿಲ್ಲದೆ ನೋಡಿರಿ. ಆಮೇಲೆ ಕಣ್ಣು ಮುಚ್ಚಿ ಬರೀ ಕೇಳಿರಿ. ಮೂರನೆಯ ಸಲ ಎಷ್ಟು ತುಣುಕುಗಳಿವೆ ಎಂದು ಎಣಿಸಿರಿ. ಭಯ ಎಲ್ಲಿ ಹುಟ್ಟಿತೆಂಬುದು ಮಗುವಿಗೇ ಗೊತ್ತಾಗುತ್ತದೆ. ತನ್ನನ್ನು ಹೆದರಿಸುವ, ಒಲಿಸುವ, ನಂಬಿಸುವ ಯುಕ್ತಿಯನ್ನು ಒಮ್ಮೆ ಬಿಚ್ಚಿ ನೋಡಿದ ಮಗು ಮುಂದೆ ಜಾಹೀರಾತಿಗೂ ಸುಳ್ಳು ಸುದ್ದಿಗೂ ಸುಲಭವಾಗಿ ಮರುಳಾಗದು.

ಕೊನೆಯದಾಗಿ ಒಂದು ಮಾತು. 1956ರ ಭಾಷಾವಾರು ವಿಂಗಡಣೆಯಲ್ಲಿ ಗದ್ವಾಲ, ಆಲಂಪುರಗಳು ರಾಯಚೂರು ಜಿಲ್ಲೆಯಿಂದ ಬೇರೆಯಾದವು. ನಾರಾಯಣಪೇಟೆ, ಮಕ್ತಲ್ ಸೀಮೆಯ ಕನ್ನಡಿಗರೂ ಗಡಿಯ ಈಚೆಗೇ ಉಳಿದರು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಪೇಟೆಯಲ್ಲಿ ತೆಲುಗು ಆಡುತ್ತಾರೆ, ತೆಲುಗು ಸಿನಿಮಾ ನೋಡಿ ಸಂತೋಷಪಡುತ್ತಾರೆ. ಅದು ನಮ್ಮ ಸಂಪತ್ತೇ. ಆದರೆ "ಕನ್ನಡ ಓದಿ ಏನು ಮಾಡ್ತೀರಿ?" ಎಂಬ ಪ್ರಶ್ನೆಯನ್ನು ಈ ಶಾಲೆಯ ಪ್ರತಿ ತಲೆಮಾರೂ ಕೇಳಿಸಿಕೊಂಡಿದೆ. ಪಾಠದ ಪುಸ್ತಕದೊಳಗೆ ಮಾತ್ರ ಬದುಕುವ ಭಾಷೆಯಿಂದ ಆ ಪ್ರಶ್ನೆಗೆ ಉತ್ತರ ಸಿಗದು. ತೆಲುಗು ಚಿತ್ರವಿರಲಿ, ಇಂಗ್ಲಿಷ್ ಚಿತ್ರವಿರಲಿ, ನೋಡಿ ಬಂದು ಅದರ ಬೆಳಕು, ಜೋಡಣೆ, ನಾದಗಳನ್ನು ಕುರಿತು ಕನ್ನಡದಲ್ಲಿ ಯೋಚಿಸಲು, ವಾದಿಸಲು ಬಂದರೆ ಅದೇ ಉತ್ತರ.

ಆ ಹುಡುಗಿ ತನ್ನ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದಳು. ತಡವಾಗಿಯಾದರೂ ಉತ್ತರವನ್ನೂ ಕನ್ನಡದಲ್ಲೇ ಕೊಟ್ಟಿದ್ದೇನೆ. ತಪ್ಪಿದ್ದರೆ ತಿದ್ದುವ ಹಕ್ಕು ಅವಳದು.