ಬಟ್ಟೆ ಹರಿಯೋದನ್ನು ಕಂಪ್ಯೂಟರ್‌ಗೆ ಕಲಿಸೋದು ಹೇಗೆ?

ಬಾಳೆಹೊನ್ನೂರಿಂದ ಮಾತಾಡ್ತಿದ್ದೀನಿ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಸ್ವಲ್ಪ ಹೊಂದಿಸ್ಕೊಳ್ಳಿ. ಜುಲೈ ತಿಂಗಳಲ್ಲಿ ಮಳೆ ಇಲ್ಲದ ಹೊತ್ತು ಹುಡುಕಿ ರೆಕಾರ್ಡ್ ಮಾಡ್ತೀನಿ ಅಂತ ಕೂತ್ರೆ ನಮ್ಮೂರಲ್ಲಿ ಆ ಎಪಿಸೋಡ್ ದೀಪಾವಳಿಗೇ ಬರೋದು.

ನನ್ನ ಕೆಲಸ ಆ್ಯನಿಮೇಷನ್‌ನಲ್ಲಿ ಎಫೆಕ್ಟ್ಸ್. ಹೊಗೆ, ನೀರು, ಧೂಳು, ಬಟ್ಟೆ. ಕೆಲವು ವರ್ಷ ಬೆಂಗಳೂರಲ್ಲಿದ್ದೆ, ಈಗ ಊರಲ್ಲೇ ಕೂತು ಮಾಡ್ತೀನಿ. ಇದರಲ್ಲಿ ನನಗೆ ಅತಿ ಕಷ್ಟ ಅನ್ನಿಸೋದು ಬೆಂಕಿಯಲ್ಲ, ಪ್ರವಾಹವೂ ಅಲ್ಲ. ಒಂದು ಬಟ್ಟೆ ಹರಿಯೋದು, ಒಂದು ಸ್ಟಿಕ್ಕರ್ ಕಿತ್ತು ಬರೋದು. ಯಾಕಂದ್ರೆ ಬೆಂಕಿ ಬಿದ್ದ ಅರಮನೆಯನ್ನ ಯಾರೂ ಹತ್ತಿರದಿಂದ ನೋಡಿರಲ್ಲ. ಬಟ್ಟೆ ಹರಿದದ್ದನ್ನ ಎಲ್ಲರೂ ನೋಡಿದ್ದಾರೆ. ಒಂಚೂರು ತಪ್ಪಾದ್ರೂ ಕಣ್ಣು ಹಿಡಿದುಬಿಡುತ್ತೆ.

ಕಂಪ್ಯೂಟರ್ ಒಳಗೆ ಬಟ್ಟೆ ಅಂದ್ರೆ ಏನು? ಚುಕ್ಕಿ ರಂಗೋಲಿ ನೆನಪು ಮಾಡ್ಕೊಳ್ಳಿ. ಸಾಲು ಸಾಲು ಚುಕ್ಕಿ ಇಟ್ಟು, ಪ್ರತಿ ಚುಕ್ಕಿಗೂ ಒಂದಿಷ್ಟು ತೂಕ ಕೊಟ್ಟು, ಅಕ್ಕಪಕ್ಕದ ಚುಕ್ಕಿಗಳ ನಡುವೆ ಸ್ಪ್ರಿಂಗ್ ಕಟ್ಟೋದು. ನೇರ ಸ್ಪ್ರಿಂಗ್ ಎಳೆತಕ್ಕೆ, ಓರೆ ಸ್ಪ್ರಿಂಗ್ ಸೊಟ್ಟ ಆಗದಿರೋಕೆ, ಒಂದು ಚುಕ್ಕಿ ಬಿಟ್ಟು ಇನ್ನೊಂದಕ್ಕೆ ಕಟ್ಟಿದ ಸ್ಪ್ರಿಂಗ್ ಮಡಿಕೆಗೆ. ಒಂದು ಸಾಧಾರಣ ಟವೆಲ್‌ಗೆ 200 ಸಾಲು, 200 ಕಾಲಂ ಅಂದ್ರೂ 40,000 ಚುಕ್ಕಿ. ಸ್ಪ್ರಿಂಗ್ ಎರಡು ಲಕ್ಷ ದಾಟುತ್ತೆ. ಸಿನಿಮಾಗೆ ಸೆಕೆಂಡಿಗೆ 24 ಫ್ರೇಮ್, ಪ್ರತಿ ಫ್ರೇಮನ್ನೂ ಹತ್ತಿಪ್ಪತ್ತು ತುಂಡು ಮಾಡಿ ಲೆಕ್ಕ ಹಾಕಬೇಕು. ಆ ಹೊತ್ತಿಗೆ ಕರೆಂಟ್ ಹೋದ್ರೆ... ಮಲೆನಾಡಿನವರಿಗೆ ಮುಂದಿನದ್ದು ಹೇಳ್ಬೇಕಾಗಿಲ್ಲ.

ಇದೇನು ಹೊಸ ವಿಷಯ ಅಲ್ಲ. 1987ರಲ್ಲಿ ಡಿಮಿಟ್ರಿ ಟೆರ್ಜೊಪೌಲಸ್ ಮತ್ತು ಸಂಗಡಿಗರು ಬಾಗೋ, ಬಳುಕೋ ವಸ್ತುಗಳನ್ನ ಭೌತಶಾಸ್ತ್ರದ ಲೆಕ್ಕದಲ್ಲಿ ಆ್ಯನಿಮೇಟ್ ಮಾಡಿ ತೋರಿಸಿದ್ರು. ಮರುವರ್ಷವೇ ಅವರೂ ಕರ್ಟ್ ಫ್ಲೈಷರ್ ಅವರೂ ಹರಿಯೋದನ್ನೂ ಸೇರಿಸಿದ್ರು. 1998ರಲ್ಲಿ ಡೇವಿಡ್ ಬ್ಯಾರಫ್, ಆ್ಯಂಡ್ರ್ಯೂ ವಿಟ್ಕಿನ್ ಲೆಕ್ಕವನ್ನ ಎಷ್ಟೋ ಪಟ್ಟು ವೇಗ ಮಾಡೋ ದಾರಿ ಕೊಟ್ರು. 2001ರ 'ಮಾನ್‌ಸ್ಟರ್ಸ್, ಇಂಕ್.' ಸಿನಿಮಾದಲ್ಲಿ ಆ ಪುಟ್ಟ ಹುಡುಗಿಯ ದೊಗಲೆ ಟೀ ಶರ್ಟ್ ಇದೆಯಲ್ಲ, ಅದು ಇಂಥ ಲೆಕ್ಕದ್ದೇ.

ಸರಿ, ಹರಿಯೋದು ಹೇಗೆ? ಕೇಳೋಕೆ ಸುಲಭ. ಒಂದು ಸ್ಪ್ರಿಂಗ್ ಇಂತಿಷ್ಟಕ್ಕಿಂತ ಹೆಚ್ಚು ಎಳೆದ್ರೆ ಅದನ್ನ ಕಡಿ. ಅಲ್ಲಿದ್ದ ಒಂದು ಚುಕ್ಕಿಯನ್ನ ಎರಡು ಮಾಡು. ಅಷ್ಟೇ, ಬಟ್ಟೆ ಬಾಯಿಬಿಡುತ್ತೆ. ಆದ್ರೆ ಹಾಗೆ ಮಾಡಿ ನೋಡಿ. ಹರುಕು ಚುಕ್ಕಿ ಸಾಲಿನ ಮೇಲೇ ಓಡಿ ಗರಗಸದ ಹಲ್ಲಿನ ಥರ ಕಾಣುತ್ತೆ. ಇಲ್ಲಾಂದ್ರೆ ಇಡೀ ಬಟ್ಟೆ ಒಮ್ಮೆಗೇ ಚಿಂದಿಯಾಗಿ ಉದುರುತ್ತೆ.

ನಿಜವಾದ ಬಟ್ಟೆ ಹಾಗಲ್ಲ. ಬಟ್ಟೆ ಅಂಗಡಿಯಲ್ಲಿ ನೋಡಿದ್ದೀರಲ್ಲ, ಅಂಚಿಗೆ ಕತ್ತರಿಯಲ್ಲಿ ಒಂದು ಸಣ್ಣ ಕಚ್ಚು ಹಾಕ್ತಾರೆ, ಆಮೇಲೆ ಎರಡೂ ಕೈಯಲ್ಲಿ ಹಿಡಿದು ಪರ್ರ್ ಅಂತ ಎಳೀತಾರೆ. ಕಚ್ಚು ಹಾಕದೆ ಎಳೆದ್ರೆ ಪೈಲ್ವಾನ್ ಬಂದ್ರೂ ಆಗಲ್ಲ. ಕಚ್ಚು ಇದ್ರೆ ಎಳೆತವೆಲ್ಲ ಆ ತುದಿಯ ಒಂದೆರಡು ನೂಲಿನ ಮೇಲೇ ಬೀಳುತ್ತೆ. ಅದು ಹೋಯ್ತು, ಪಕ್ಕದ್ದಕ್ಕೆ ಬಂತು. ಹಾಗೇ ನೂಲಿನ ಗುಂಟ ನೇರ ಹೋಗುತ್ತೆ. ಹಾಗಾಗಿ ಕಂಪ್ಯೂಟರ್ ಕೂಡ ಹರುಕಿನ ತುದಿಯ ಹತ್ತಿರ ಮಾತ್ರ ತುಂಬಾ ಸಣ್ಣ ಸಣ್ಣ ಚುಕ್ಕಿ ಇಡಬೇಕು, ದೂರದಲ್ಲಿ ದೊಡ್ಡದು ಸಾಕು. ಹರುಕು ಮುಂದೆ ಹೋದ ಹಾಗೆ ಚುಕ್ಕಿಗಳನ್ನ ಮತ್ತೆ ಜೋಡಿಸ್ತಾ ಹೋಗಬೇಕು. 2014ರಲ್ಲಿ ಇದನ್ನ ಚೆಂದ ಮಾಡಿ ತೋರಿಸಿದ ತಂಡದಲ್ಲಿ ರಾಹುಲ್ ನರೈನ್ ಇದ್ರು, ಆಮೇಲೆ ಐಐಟಿ ದೆಹಲಿಯಲ್ಲಿ ಪಾಠ ಮಾಡೋಕೆ ಬಂದವರು.

ಇನ್ನೊಂದು ವಿಷಯ ದಿಕ್ಕು. ನೇಯ್ದ ಬಟ್ಟೆಗೆ ಹಾಸು, ಹೊಕ್ಕು ಅಂತ ಎರಡು ದಿಕ್ಕು ಇರುತ್ತೆ, ಓರೆಯಾಗಿ ಎಳೆದ್ರೆ ಹರಿಯೋ ಬದಲು ಹಿಗ್ಗುತ್ತೆ. ಇದಕ್ಕೆ ಪುಸ್ತಕ ಬೇಡ, ತೋಟಕ್ಕೆ ಹೋದ್ರೆ ಸಾಕು. ಬಾಳೆ ಎಲೆ ಗಾಳಿಗೆ ಸೀಳೋದು ಯಾವಾಗ್ಲೂ ಅಂಚಿನಿಂದ ನಡುದಂಟಿನ ಕಡೆಗೆ, ನರಗಳ ಗುಂಟವೇ. ಅಡಿಕೆ ಹಾಳೆ ಉದ್ದಕ್ಕೆ ಸಲೀಸಾಗಿ ಸೀಳುತ್ತೆ, ಅಡ್ಡಕ್ಕೆ ಕತ್ತಿಯೇ ಬೇಕು. ಬೆಂಗಳೂರಲ್ಲಿ ಎಲ್ಲಾ ದಿಕ್ಕಿಗೂ ಒಂದೇ ನಂಬರ್ ಹಾಕಿ ಎಲೆ ಹರಿಸೋರನ್ನ ಕಂಡಾಗ ನನಗೆ ಹೊಟ್ಟೆ ಉರೀತಿತ್ತು.

ಕಳೆದ ವರ್ಷ 'ಮಹಾವತಾರ ನರಸಿಂಹ' ನೋಡಿದ ಮೇಲೆ ಸುಮಾರು ಜನ ಕೇಳಿದ್ರು, ಕಂಬ ಒಡೆಯೋದೂ ಇದೇ ಥರಾನಾ ಅಂತ. ಅಲ್ಲ. ಕಲ್ಲು ಬಾಗಲ್ಲ. ಸಾಮಾನ್ಯವಾಗಿ ಕಂಬವನ್ನ ಮೊದಲೇ ತುಂಡು ತುಂಡು ಮಾಡಿ, ಅಂಟಿಸಿಟ್ಟು, ಬೇಕಾದಾಗ ಅಂಟು ಬಿಡಿಸ್ತಾರೆ. ಬಟ್ಟೆ ಹರಿಯೋ ಮುಂಚೆ ಎಳೆಯುತ್ತೆ, ಸುಕ್ಕಾಗುತ್ತೆ, ಒಂದು ಕ್ಷಣ ತಡೆಯುತ್ತೆ. ನೋಡೋರಿಗೆ ಭಯ ಹುಟ್ಟೋದು ಆ ತಡೆಯೋ ಕ್ಷಣದಲ್ಲಿ.

ಈಗ ಕೀಳೋದು. ನಿಮ್ಮ ಫೋನಿನ ಹೊಸ ಸ್ಕ್ರೀನ್ ಗಾರ್ಡ್ ಮೇಲಿನ ಪ್ಲಾಸ್ಟಿಕ್ ತೆಗೆಯೋದನ್ನ ನೆನೆಸ್ಕೊಳ್ಳಿ. ಅಡ್ಡಕ್ಕೆ, ಗಾಜಿಗೆ ಸಮನಾಗಿ ಎಳೆದ್ರೆ ಜಪ್ಪಯ್ಯ ಅಂದ್ರೂ ಬರಲ್ಲ. ಮೂಲೆ ಎತ್ತಿ ನೆಟ್ಟಗೆ ಮೇಲಕ್ಕೆ ಎಳೆದ್ರೆ ಬರುತ್ತೆ. ಹಿಂದಕ್ಕೆ ಮಡಚಿ ಎಳೆದ್ರೆ ಸುಮಾರು ಅರ್ಧ ಬಲ ಸಾಕು. ಕೋನದ ಮೇಲೆ ಬಲ ನಿಂತಿದೆ ಅನ್ನೋ ಈ ಸೂತ್ರವನ್ನ ಕೆಂಡಲ್ ಅನ್ನೋರು 1975ರಲ್ಲೇ ಬರೆದಿಟ್ಟಿದ್ದಾರೆ. ಹುಡಿನಿ ಸಾಫ್ಟ್‌ವೇರ್‌ನಲ್ಲಿ ವೆಲ್ಲಮ್ ಅಂತ ಒಂದು ಭಾಗ ಇದೆ, ಅದರಲ್ಲಿ ಎರಡು ಪದರಕ್ಕೆ ಅಂಟು ಹಚ್ಚಿ, ಎಷ್ಟು ಬಲಕ್ಕೆ ಬಿಡಬೇಕು ಅಂತ ಹೇಳಬಹುದು. ಬಸ್ ಸ್ಟ್ಯಾಂಡಿನ ಗೋಡೆಯ ಸಿನಿಮಾ ಪೋಸ್ಟರ್ ಕಿತ್ತಿದ್ದೀರಾ? ಪಟ್ಟಿ ಅಗಲವಾಗಿ ಶುರುವಾಗಿ, ಕಿರಿದಾಗ್ತಾ ಹೋಗಿ, ಚೂಪಾಗಿ ಕೈಗೆ ಬಂದುಬಿಡುತ್ತೆ. ಹೀರೋ ಮುಖದ ಮೇಲೆ ತ್ರಿಕೋನ. ಅದೂ ಸುಮ್ನೆ ಅಲ್ಲ, ಅಂಟು, ಹಾಳೆಯ ಬಿಗಿ, ಹರಿಯೋ ಶಕ್ತಿ ಮೂರೂ ಸೇರಿ ಆ ಕೋನ ತೀರ್ಮಾನ ಆಗುತ್ತೆ ಅಂತ 2008ರಲ್ಲಿ ಚಿಲಿ, ಫ್ರಾನ್ಸ್, ಅಮೆರಿಕದ ಸಂಶೋಧಕರು ತೋರಿಸಿದ್ರು.

ಕಲಿಯೋ ಆಸೆ ಇದ್ರೆ ಬ್ಲೆಂಡರ್ ಉಚಿತ, ಹುಡಿನಿಗೆ ಕಲಿಯೋರಿಗಾಗಿ ಅಪ್ರೆಂಟಿಸ್ ಅನ್ನೋ ಉಚಿತ ಆವೃತ್ತಿ ಇದೆ. ಉದ್ಯೋಗದ ಬಗ್ಗೆ ಸುಳ್ಳು ಹೇಳಲ್ಲ. 2025ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಕುಸಿದಾಗ ಬೆಂಗಳೂರಿನ ದೊಡ್ಡ ಸ್ಟುಡಿಯೊ ರಾತ್ರೋರಾತ್ರಿ ಎಂಬಂತೆ ಮುಚ್ಚಿತು. ನಾನು ಅಲ್ಲಿರಲಿಲ್ಲ, ಆದ್ರೆ ಸ್ನೇಹಿತರಿದ್ರು. ಇಎಂಐ ಕಟ್ಟೋಕೆ ಬೈಕ್ ಮಾರಿದವರಿದ್ದಾರೆ. ಈಗ ಎಐ ವಿಡಿಯೊ ಬೇರೆ ಬಂದಿದೆ. ಅದರಲ್ಲಿ ಹರಿದ ಬಟ್ಟೆ ಎರಡು ಸೆಕೆಂಡ್ ಬಿಟ್ಟು ತಾನೇ ಅಂಟಿಕೊಳ್ಳೋದನ್ನ ನಾನು ನೋಡಿದ್ದೀನಿ, ನಕ್ಕಿದ್ದೀನಿ. ಎಷ್ಟು ದಿನ ನಗ್ತೀನೋ.

ಈ ಸಲದ ಒಂದು ಕೆಲಸ ಹೇಳ್ತೀನಿ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದದ್ದು ನೆನಪಿರಬಹುದು. ಅಂಥದ್ದೇ ಒಂದು ರಾತ್ರಿಯ ಬಗ್ಗೆ ಕಿರುಚಿತ್ರ. ಮಾಡು ಹೋದ ಮನೆಗೆ ಟಾರ್ಪಾಲ್ ಹೊದಿಸಿದ್ದಾರೆ, ಒಳಗೆ ಮಗು ಇದೆ, ಗಾಳಿಗೆ ಟಾರ್ಪಾಲ್ ಹರಿಯುತ್ತೆ. ಮಾಡಿಸ್ತಿದ್ದವರಿಗೆ ಅದು ನಟ್ಟನಡುವೆ ಸ್ಫೋಟ ಆದ ಹಾಗೆ ಹರಿಯಬೇಕಿತ್ತು. ಟೆಸ್ಟ್ ರೆಂಡರ್ ನೋಡಿ ನಮ್ಮ ಚಿಕ್ಕಪ್ಪ ಹೇಳಿದ್ದು: "ಅಲ್ಲ ಮಾರಾಯ, ನಡುವಿಂದ ಒಡೆಯೋಕೆ ಅದೇನು ಹಪ್ಪಳವಾ?"

ಅವರು ಹೇಳಿದ್ದು ಸರಿ. ಟಾರ್ಪಾಲ್ ಸೋಲೋದು ಹಗ್ಗ ಕಟ್ಟೋ ಲೋಹದ ಉಂಗುರದ ಹತ್ತಿರ. ಗಾಳಿ ತುಂಬಿ ಉಬ್ಬುತ್ತೆ, ಬೀಳುತ್ತೆ, ಉಬ್ಬುತ್ತೆ, ಪ್ರತಿ ಸಲವೂ ಆ ತೂತು ಒಂದೊಂದು ಎಳೆ ಅಗಲವಾಗುತ್ತೆ. ಒಂದು ಉಂಗುರ ಕಿತ್ತರೆ ಅದರ ಭಾರ ಪಕ್ಕದ್ದಕ್ಕೆ. ಎರಡೂ ಥರ ಮಾಡಿ ಕಳಿಸಿದೆ, ಎರಡನೆಯದ್ದಕ್ಕೆ ಹೆಚ್ಚುವರಿ ದುಡ್ಡು ಕೇಳದೆ. ನಾಲ್ಕು ದಿನ ಉತ್ತರ ಇಲ್ಲ. ಕೆಲಸ ಹೋಯ್ತು ಅಂದುಕೊಂಡೆ. ಐದನೇ ದಿನ ಉಂಗುರದ್ದೇ ಇರಲಿ ಅಂತ ಮೆಸೇಜ್ ಬಂತು, ಆದ್ರೆ ಮೂರು ಸೆಕೆಂಡ್ ಉದ್ದ ಮಾಡಿ ಅಂತ.

ಬಿಡುಗಡೆಯಾದಾಗ ನೋಡಿ. ಶುರುವಾಗೋದು ಬಲಗಡೆಯ ಮೂರನೇ ಉಂಗುರದಿಂದ.